ಪೈಪು ತತ್ತಿ ಆದ ಮೇಲೆ ನಾನು ಚಿಲ್ಲರ್ ಆರಿಸಿದ್ದು

ನಮ್ಮದು ವಿಜಯಪುರದ ಹೊರಗೆ, ಸೋಲಾಪುರ ರಸ್ತೆ ಕಡೆ ಇರುವ ಸಣ್ಣ ಪೈಪ್ ಫ್ಯಾಕ್ಟರಿ. ಸ್ಪ್ರಿಂಕ್ಲರ್‌ಗೆ ಬೇಕಾಗುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು, ಅದಕ್ಕೆ ಕೂರುವ ಕಪ್ಲರ್, ಬೆಂಡು, ಕ್ಲಿಪ್ಪು ಮಾಡುತ್ತೇವೆ. ಪ್ಲಾಸ್ಟಿಕ್ ಕರಗಿಸಿ ಪೈಪಾಗಿ ಹೊರಹಾಕುವ ಒಂದು ಎಕ್ಸ್‌ಟ್ರೂಡರ್ ಲೈನು, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬುವ ಒಂದು ಇಂಜೆಕ್ಷನ್ ಮೌಲ್ಡಿಂಗ್ ಮಷಿನ್ನು, ಮೇಲೆ ಪತ್ರಾಸ್ (ತಗಡಿನ) ಶೆಡ್ಡು.

2022ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ಆಪರೇಟರ್ ಪೈಪಿನ ಒಂದು ತುಂಡು ಹಿಡಿದುಕೊಂಡು ಆಫೀಸಿನ ಬಾಗಿಲಲ್ಲಿ ನಿಂತ. "ಸಾವ್ಕಾರ್ರ, ಪೈಪ್ ತತ್ತಿ ಆಗಾಕತ್ತೈತ್ರಿ" ಅಂದ.

ಕ್ಯಾಲಿಪರ್ ಹಿಡಿದು ನೋಡಿದೆ. 75 ಮಿ.ಮೀ. ಪೈಪು ಉದ್ದಕ್ಕೆ 77ರ ಹತ್ತಿರ, ಅಡ್ಡಕ್ಕೆ 73. ನಿಜವಾಗಿಯೂ ತತ್ತಿಯೇ. ಇಂಥ ಪೈಪಿಗೆ ಕಪ್ಲರ್ ಕೂರುವುದಿಲ್ಲ. ರೈತ ಹೊಲದಲ್ಲಿ ನಿಂತು ಬಡಿದು ಬಡಿದು ಕೂರಿಸಿ, ಆಮೇಲೆ ನಮಗೆ ಫೋನ್ ಮಾಡಿ ಬೈಯುತ್ತಾನೆ.

ಹೀಗಾಗಲು ಕಾರಣ ನೀರು. ಡೈಯಿಂದ, ಅಂದರೆ ಪೈಪಿಗೆ ಆಕಾರ ಕೊಡುವ ಬಾಯಿಯಿಂದ, ಸುಮಾರು 200 ಡಿಗ್ರಿಯಲ್ಲಿ ಹೊರಬರುವ ಪೈಪು ಮೊದಲು ವ್ಯಾಕ್ಯೂಮ್ ಟ್ಯಾಂಕಿನಲ್ಲಿ, ಆಮೇಲೆ ಸ್ಪ್ರೇ ಟ್ಯಾಂಕಿನಲ್ಲಿ ತಣ್ಣಗಾಗಬೇಕು. ನೀರು ಬೆಚ್ಚಗಿದ್ದರೆ ಹೊರಗಿನ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗೆ ಮೆತ್ತಗೇ ಇರುತ್ತದೆ. ಮುಂದೆ ಎಳೆಯುವ ಹಾಲ್-ಆಫ್ ಅದನ್ನು ಹಿಡಿದು ಚಪ್ಪಟೆ ಮಾಡುತ್ತದೆ. ಉಳಿದ ದಾರಿ ಒಂದೇ, ಲೈನಿನ ಸ್ಪೀಡು ಇಳಿಸುವುದು. ಬೆಳಿಗ್ಗೆ ಗಂಟೆಗೆ 120 ಕೆಜಿ ದಾಣಾ (ಪ್ಲಾಸ್ಟಿಕ್ ಕಾಳು) ನುಂಗುತ್ತಿದ್ದ ಲೈನು ಮಧ್ಯಾಹ್ನ 85ಕ್ಕೆ ಬಂದಿತ್ತು. ಅದೂ ಏಪ್ರಿಲ್‌ನಲ್ಲಿ, ಮಾಲಿಗೆ ಭಾರಿ ಬೇಡಿಕೆ ಇರುವ ಹೊತ್ತಿನಲ್ಲಿ.

ಈ ನೀರನ್ನು ತಣ್ಣಗೆ ಮಾಡುವ ಮಷಿನ್ನೇ ಚಿಲ್ಲರ್. ಆಗ ನಮ್ಮಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ 10 ಟನ್ನಿನ ಏರ್ ಕೂಲ್ಡ್ ಚಿಲ್ಲರ್, ಅಂದರೆ ನೀರಿನಿಂದ ಹೀರಿದ ಶಾಖವನ್ನು ಫ್ಯಾನಿನಿಂದ ಗಾಳಿಗೆ ಬಿಡುವಂಥದ್ದು. ಮಧ್ಯಾಹ್ನ ಎರಡು ಗಂಟೆ ಆಯಿತೆಂದರೆ ಹೈ ಪ್ರೆಶರ್ ಟ್ರಿಪ್, ಅಂದರೆ ಒಳಗಿನ ಗ್ಯಾಸಿನ ಒತ್ತಡ ಏರಿ ಮಷಿನ್ ತಾನೇ ಬಂದ್. ರೀಸೆಟ್ ಒತ್ತಿದರೆ ಹತ್ತು ನಿಮಿಷ ಓಡಿ ಮತ್ತೆ ಟ್ರಿಪ್. ನಮ್ಮ ಫಿಟ್ಟರ್ ಒಂದು ಉಪಾಯ ಮಾಡಿದ: ಬೋರಿನ ನೀರಿನ ಪೈಪು ತಂದು ಶಾಖ ಹೊರಬಿಡುವ ಕಂಡೆನ್ಸರ್ ಕಾಯಿಲ್ ಮೇಲೆ ಬಿಟ್ಟ. ಪ್ರೆಶರ್ ಸರ್ರನೆ ಇಳಿಯಿತು. ಎಲ್ಲರಿಗೂ ಖುಷಿ. ಆದರೆ ನಮ್ಮ ಬೋರಿನದು ಸವಳು ನೀರು. ತಿಂಗಳೊಳಗೆ ಕಾಯಿಲ್‌ಗೆ ಸುಣ್ಣ ಬಳಿದ ಹಾಗಾಯಿತು. ಫಿನ್ನುಗಳ ನಡುವೆ ಬಿಳಿ ಪಕಳೆ, ಅದರ ಮೇಲೆ ಎರಿ ಮಣ್ಣಿನ ಧೂಳು. ಅಲ್ಯೂಮಿನಿಯಂ ಫಿನ್ನು ಉಗುರಿನಲ್ಲಿ ಕೆರೆದರೆ ಪುಡಿ ಪುಡಿ. ಅಲ್ಲಿಗೆ ಆ ಮಷಿನ್ನಿನ ಕಥೆ ಮುಗಿಯುತ್ತಾ ಬಂತು. ಕೊಂದದ್ದು ನಾವೇ, ಬಿಸಿಲಲ್ಲ.

ಹೊಸದು ತರಬೇಕು ಅಂದಾಗ ಮೂರು ಕಡೆಯವರು ಬಂದರು. ಒಬ್ಬರು 20 ಟನ್ ವಾಟರ್ ಕೂಲ್ಡ್ ಅಂದರು, ಅಂದರೆ ಶಾಖವನ್ನು ಗಾಳಿಯ ಬದಲು ಇನ್ನೊಂದು ಸುತ್ತಿನ ನೀರಿಗೆ ಬಿಡುವಂಥದ್ದು. ಇನ್ನೊಬ್ಬರು 15 ಟನ್ ಏರ್ ಕೂಲ್ಡ್ ಅಂದರು. ಮೂರನೆಯವರು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗಳಿಗೆ ಮಷಿನ್ ಹಾಕುವವರು. "ಅದೇ ಯುನಿಟ್ಟು, ನೀರಿಗೆ ಹಚ್ಚಿಬಿಡೋಣ್ರಿ" ಅಂದರು. ಕೋಣೆಯ ಗಾಳಿ ತಣ್ಣಗೆ ಮಾಡುವುದು ಬೇರೆ, ಹರಿಯುವ ನೀರು ತಣ್ಣಗೆ ಮಾಡುವುದು ಬೇರೆ ಅನ್ನುವಷ್ಟು ನನಗೂ ಗೊತ್ತಿತ್ತು. ಮೂವರಲ್ಲಿ ಒಬ್ಬರೂ ಶೆಡ್ಡಿನೊಳಗೆ ಬಂದು ಒಂದು ಥರ್ಮಾಮೀಟರ್ ಇಟ್ಟು ನೋಡಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ಮಷಿನ್ ಎಷ್ಟು ಎಚ್‌ಪಿ?"

ಹಾಗಾಗಿ ಲೆಕ್ಕ ನಾನೇ ಹಾಕಲು ಕೂತೆ.

ಟನ್ ಅಂದರೆ ಮಷಿನ್ನಿನ ತೂಕ ಅಂತ ಸುಮಾರು ಜನ ತಿಳಿದಿರುತ್ತಾರೆ. ಹಿಂದೆ ಮಂಜುಗಡ್ಡೆಯಿಂದ ತಂಪು ಮಾಡುವ ಕಾಲದ ಮಾತು ಅದು. ಒಂದು ಟನ್ (ಅಮೆರಿಕದ ಟನ್, ಸುಮಾರು 907 ಕೆಜಿ) ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದು ಒಂದು ಟನ್. ಗಂಟೆಗೆ 3,024 ಕಿಲೋ ಕ್ಯಾಲೊರಿ. ನೀರಿಗೆ ಈ ಲೆಕ್ಕ ಬಹಳ ಸುಲಭ: ಗಂಟೆಗೆ ಎಷ್ಟು ಲೀಟರ್ ಹರಿಯುತ್ತದೆ, ಹೋಗುವಾಗ ಬರುವಾಗ ಎಷ್ಟು ಡಿಗ್ರಿ ವ್ಯತ್ಯಾಸ, ಎರಡನ್ನೂ ಗುಣಿಸಿ 3,024ರಿಂದ ಭಾಗಿಸಿದರೆ ಟನ್ ಸಿಗುತ್ತದೆ.

ಫ್ಲೋ ಮೀಟರ್ ನಮ್ಮಲ್ಲಿ ಇರಲಿಲ್ಲ. 200 ಲೀಟರಿನ ಖಾಲಿ ಬ್ಯಾರಲ್ ಇತ್ತು. ಬೆಳಗಿನ ಆರು ಗಂಟೆಗೆ, ಲೈನು ಪೂರ್ತಿ ಸ್ಪೀಡಿನಲ್ಲಿ ಓಡುವಾಗ, ಟ್ಯಾಂಕಿನಿಂದ ವಾಪಸ್ ಬರುವ ಪೈಪನ್ನು ಬ್ಯಾರಲ್ಲಿಗೆ ತಿರುಗಿಸಿದೆವು. ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದೆ. ತುಂಬಲು 75 ಸೆಕೆಂಡು. ಅಂದರೆ ಗಂಟೆಗೆ 9,600 ಲೀಟರ್. ಹೋಗುವ ನೀರು 18 ಡಿಗ್ರಿ, ಬರುವ ನೀರು 20. ಲೆಕ್ಕ ಹಾಕಿದರೆ 6.3 ಟನ್.

ಇಲ್ಲಿ ಒಂದು ಮಾತು. ವ್ಯತ್ಯಾಸ ಬರೀ ಎರಡು ಡಿಗ್ರಿ ಇದ್ದಾಗ ಥರ್ಮಾಮೀಟರ್ ಅರ್ಧ ಡಿಗ್ರಿ ತಪ್ಪಿದರೂ ಒಂದೂವರೆ ಟನ್ ಮೇಲೆ ಕೆಳಗೆ ಆಗುತ್ತದೆ. ಅದಕ್ಕೆ ಎರಡೂ ಕಡೆ ಒಂದೇ ಥರ್ಮಾಮೀಟರ್ ಇಟ್ಟೆ. ಅದು ಸುಳ್ಳು ಹೇಳಿದರೂ ಎರಡೂ ಕಡೆ ಒಂದೇ ಸುಳ್ಳು ಹೇಳುತ್ತದೆ, ಅಲ್ವಾ? ಆಮೇಲೆ ಇನ್ನೊಂದು ದಾರಿಯಿಂದಲೂ ತಾಳೆ ನೋಡಿದೆ. ಎಚ್‌ಡಿಪಿಇ 200 ಡಿಗ್ರಿಯಿಂದ 40ರ ಸುತ್ತ ಇಳಿಯುವಾಗ ಕೆಜಿಗೆ ಸುಮಾರು 165 ಕಿಲೋ ಕ್ಯಾಲೊರಿ ಬಿಟ್ಟುಕೊಡುತ್ತದೆ. 120 ಕೆಜಿಗೆ ಆರೂವರೆ ಟನ್. ಬ್ಯಾರಲ್ಲೂ ಪುಸ್ತಕವೂ ಹೆಚ್ಚೂಕಡಿಮೆ ಒಂದೇ ಹೇಳಿದವು. ಆ ದಿನದ ಚಹಾ ನನಗೆ ಬಹಳ ರುಚಿ ಅನ್ನಿಸಿತು.

ಹಾಗಾದರೆ ಆರೂವರೆ ಟನ್ನಿಗೆ 10 ಟನ್ನಿನ ಮಷಿನ್ ಯಾಕೆ ಸಾಲುತ್ತಿರಲಿಲ್ಲ? ಈ ಪ್ರಶ್ನೆಯ ಹಿಂದೆ ಹೋದಾಗಲೇ ನಮ್ಮ ತಪ್ಪೆಲ್ಲ ಹೊರಬಿತ್ತು.

ಹಗಲು ಪಾಳಿಯಲ್ಲಿ ಇಂಜೆಕ್ಷನ್ ಮಷಿನ್ನೂ ಓಡುತ್ತದೆ. ಅದರ ಅಚ್ಚಿಗೆ ಬೇಕಾದ ತಂಪು ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಅದರ ಹೈಡ್ರಾಲಿಕ್ ಎಣ್ಣೆಯ ಕೂಲರನ್ನೂ ಇದೇ ಚಿಲ್ಲರ್ ನೀರಿಗೆ ಜೋಡಿಸಿಬಿಟ್ಟಿದ್ದೆವು. ಎಣ್ಣೆಯಿಂದಲೇ ಮೂರು ಟನ್. ಎಕ್ಸ್‌ಟ್ರೂಡರಿನ ಗೇರ್‌ಬಾಕ್ಸ್, ದಾಣಾ ಬೀಳುವ ಗಂಟಲು, ಇವೆರಡಕ್ಕೂ ಸೇರಿ ಇನ್ನೊಂದು ಟನ್. ನೀರು ತಿರುಗಿಸುವ 5 ಎಚ್‌ಪಿ ಪಂಪು ತಿನ್ನುವ ಕರೆಂಟಿನಲ್ಲಿ ಬಹುಪಾಲು ಕೊನೆಗೆ ನೀರಿಗೇ ಬಿಸಿಯಾಗಿ ಸೇರುತ್ತದೆ, ಅದೂ ಹತ್ತಿರ ಹತ್ತಿರ ಒಂದು ಟನ್. ಪಂಪಿನ ಬಿಸಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲ ಕೂಡಿದರೆ ಹದಿಮೂರರ ಹತ್ತಿರ ಆಯಿತು.

ಹೈಡ್ರಾಲಿಕ್ ಎಣ್ಣೆಗೆ 15 ಡಿಗ್ರಿ ನೀರು ಬೇಕಾಗಿಯೇ ಇಲ್ಲ. ಎಣ್ಣೆ 45 ಡಿಗ್ರಿ ಸುತ್ತಮುತ್ತ ಇದ್ದರೆ ಸಾಕು, ಅದಕ್ಕೆ 30 ಡಿಗ್ರಿ ನೀರು ಧಾರಾಳವಾಯಿತು. ಆ ನೀರು ಚಿಲ್ಲರ್ ಇಲ್ಲದೆ, ನೀರನ್ನು ಗಾಳಿಗೆ ಹರಿಸಿ ಆರಿಸುವ ಒಂದು ಸಣ್ಣ ಕೂಲಿಂಗ್ ಟವರಿನಿಂದಲೇ ಸಿಗುತ್ತದೆ. ಫ್ರಿಜ್ಜಿನ ನೀರಿನಲ್ಲಿ ಪಾತ್ರೆ ತೊಳೆದ ಹಾಗೆ ಮಾಡುತ್ತಿದ್ದೆವು ನಾವು. ಚಿಲ್ಲರ್ ಕೊಳ್ಳುವ ಮೊದಲು ನಾನು ಮಾಡಿದ ಅತಿ ದೊಡ್ಡ ಉಳಿತಾಯ ಇದೇ: ಎಣ್ಣೆ ಮತ್ತು ಗೇರ್‌ಬಾಕ್ಸನ್ನು ಚಿಲ್ಲರಿನಿಂದ ಬಿಡಿಸಿ 5 ಟನ್ನಿನ ಫೈಬರ್ ಟವರಿಗೆ ಹಾಕಿದೆ. ಹದಿಮೂರು ಇದ್ದದ್ದು ಒಂಬತ್ತೂವರೆಗೆ ಬಂತು, ಬಿಸಿಲಿನಲ್ಲಿ ಟ್ಯಾಂಕಿಗೆ ಏರುವ ಬಿಸಿಯನ್ನೂ ಸೇರಿಸಿ.

ಇನ್ನು ಗಾಳಿಯೋ ನೀರೋ ಅನ್ನುವ ಪ್ರಶ್ನೆ. ಇದಕ್ಕೆ ನಾನು ಎರಡು ವಾರ ಒದ್ದಾಡಿದೆ.

ವಿಜಯಪುರದ ಬೇಸಿಗೆ ಒಣ ಬೇಸಿಗೆ. ಏಪ್ರಿಲ್ ಮಧ್ಯಾಹ್ನ 41 ಡಿಗ್ರಿ ಇದ್ದರೂ ಗಾಳಿಯಲ್ಲಿ ಪಸೆ ಕಡಿಮೆ. ಥರ್ಮಾಮೀಟರ್ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ 23ರ ಹತ್ತಿರ ಇಳಿಯುತ್ತದೆ. ಮನೆಮನೆಯ ಕೂಲರ್ ಇಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದು, ಹರವಿಯ ನೀರು ಅಷ್ಟು ತಣ್ಣಗಿರುವುದು ಇದೇ ಕಾರಣಕ್ಕೆ. ಕೂಲಿಂಗ್ ಟವರೂ ದೊಡ್ಡದೊಂದು ಹರವಿಯೇ. ಹಾಗೆ ನೋಡಿದರೆ ಈ ಊರಿಗೆ ವಾಟರ್ ಕೂಲ್ಡ್ ಚಿಲ್ಲರ್ ಹೇಳಿ ಮಾಡಿಸಿದ್ದು. ಕರೆಂಟೂ ಕಡಿಮೆ. ಏರ್ ಕೂಲ್ಡ್ ಟನ್ನಿಗೆ ಸುಮಾರು 1.3 ಕಿಲೋವ್ಯಾಟ್ ತಿಂದರೆ, ವಾಟರ್ ಕೂಲ್ಡ್ ಟವರಿನ ಫ್ಯಾನು ಪಂಪು ಎಲ್ಲ ಸೇರಿ 0.85ರ ಆಸುಪಾಸು. ನಮ್ಮ ಹತ್ತು ಟನ್ನಿಗೆ, ದಿನಕ್ಕೆ 20 ಗಂಟೆ ಓಡಿದರೆ 90 ಯುನಿಟ್ ಉಳಿತಾಯ.

ಈಗ ನೀರಿನ ಲೆಕ್ಕ. ಟನ್ನಿಗೆ ಗಂಟೆಗೆ ಆರೇಳು ಲೀಟರ್ ಆವಿಯಾಗಿ ಹೋಗುತ್ತದೆ. ಆವಿಯಾದದ್ದು ಬರೀ ನೀರು, ಉಪ್ಪು ಸುಣ್ಣ ಎಲ್ಲ ಟವರಿನಲ್ಲೇ ಉಳಿಯುತ್ತದೆ. ಅದು ವಿಪರೀತ ಗಟ್ಟಿಯಾಗದಂತೆ ಸ್ವಲ್ಪ ನೀರನ್ನು ಹೊರಗೆ ಬಿಡುತ್ತಲೇ ಇರಬೇಕು. ಎರಡೂ ಸೇರಿ ಹತ್ತು ಲೀಟರ್ ಅಂತ ಹಿಡಿದೆ. ನಮಗೆ ದಿನಕ್ಕೆ 2,000 ಲೀಟರ್. ಟ್ಯಾಂಕರ್ ತರಿಸಿದರೂ ಉಳಿಯುವ ಕರೆಂಟಿನ ದುಡ್ಡಿಗಿಂತ ಕಡಿಮೆಯೇ.

ಅಂದರೆ ಕಾಗದದ ಮೇಲೆ ವಾಟರ್ ಕೂಲ್ಡ್ ಗೆದ್ದಿತ್ತು. ಆದರೂ ನಾನು ಏರ್ ಕೂಲ್ಡ್ ತಗೊಂಡೆ. ಯಾಕೆ ಅಂದರೆ ಚಿಲ್ಲರಿಗೆ ಜಾಸ್ತಿ ಕೆಲಸ ಇರುವ ಏಪ್ರಿಲ್ ಮೇ ತಿಂಗಳಲ್ಲೇ ನಮ್ಮ ಬೋರು ಕೈಕೊಡುತ್ತದೆ. ಆಗ ಟ್ಯಾಂಕರ್ ಹೇಳಿದ ದಿನ ಬರುವುದಿಲ್ಲ. ಟವರಿಗೆ ನೀರಿಲ್ಲದಿದ್ದರೆ ಚಿಲ್ಲರ್ ಸ್ವಲ್ಪ ಕಡಿಮೆ ಕೆಲಸ ಮಾಡುವುದಲ್ಲ, ನಿಂತೇ ಹೋಗುತ್ತದೆ. ಎರಡನೆಯದು ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಲಿ, ಬೇರೆ ಗತಿ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಅಂತಿದೆ. ನಮ್ಮ ಬೋರಿನದು 700 ದಾಟಿತ್ತು. ಟವರಿನಲ್ಲಿ ತಿರುಗಿ ತಿರುಗಿ ಅದು ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್, ಅದಕ್ಕೆ ಉಪ್ಪು, ಔಷಧಿ, ವರ್ಷಕ್ಕೊಮ್ಮೆ ಕಂಡೆನ್ಸರ್ ಟ್ಯೂಬಿಗೆ ಆಸಿಡ್ ತೊಳೆತ. ಅದನ್ನೆಲ್ಲ ನೋಡಿಕೊಳ್ಳುವ ಒಬ್ಬ ಮನುಷ್ಯ ನನ್ನ ಹತ್ತಿರ ಇಲ್ಲ. ಎಣ್ಣೆಯ ಸಣ್ಣ ಟವರಿಗೆ ದಿನಕ್ಕೆ ಮುನ್ನೂರು ಚಿಲ್ಲರೆ ಲೀಟರ್ ಸಾಕು, ಅಲ್ಲಿ ಸುಣ್ಣ ಕಟ್ಟಿದರೂ ಆಯಿಲ್ ಕೂಲರ್ ಬಿಚ್ಚಿ ಸರಳು ಹಾಕಿ ತೊಳೆಯಬಹುದು.

ಬೇರೆಯವರ ಲೆಕ್ಕ ಬೇರೆ ಇರುತ್ತದೆ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಹಬೆ ಉಳಿಯುವಂಥ ಕಡೆ ಹಬೆಯಿಂದಲೇ ನಡೆಯುವ ಅಬ್ಸಾರ್ಪ್ಷನ್ ಚಿಲ್ಲರ್ ಯೋಚಿಸಬಹುದು, ಅದಕ್ಕೆ ಕಂಪ್ರೆಸರ್ರೇ ಇಲ್ಲ. ಆದರೆ ಹಂಗಾಮು ಮುಗಿದ ಮೇಲೆ ಹಬೆ ಎಲ್ಲಿಂದ ಅಂತ ಮೊದಲೇ ಕೇಳಿಕೊಳ್ಳಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಇರುವ ನನ್ನ ಗೆಳೆಯ ಇಂಡಕ್ಷನ್ ಫರ್ನೇಸಿಗೆ ಚಿಲ್ಲರ್ ಯಾವುದು ತಗೊಳ್ಳಲಿ ಅಂತ ಕೇಳಿದ. ಬೇಡವೇ ಬೇಡ ಅಂದೆ. ಫರ್ನೇಸ್ ಕಾಯಿಲಿಗೆ ತಣ್ಣನೆಯ ನೀರಿಗಿಂತ ಶುದ್ಧ ನೀರು ಮುಖ್ಯ. ಡಿಎಂ (ಲವಣ ತೆಗೆದ) ನೀರಿನ ಮುಚ್ಚಿದ ಸುತ್ತು, ನಡುವೆ ತೆಳು ಪ್ಲೇಟುಗಳ ಮೂಲಕ ಶಾಖ ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರ್, ಆಚೆ ಕೂಲಿಂಗ್ ಟವರ್, ಅಷ್ಟಾದರೆ ಆಯಿತು.

ಏರ್ ಕೂಲ್ಡ್ ಅಂತ ಮನಸ್ಸು ಮಾಡಿದ ಮೇಲೆ ಉಳಿದದ್ದು ಮಧ್ಯಾಹ್ನ ಮೂರು ಗಂಟೆ. ಕ್ಯಾಟಲಾಗಿನಲ್ಲಿ ಬರೆದ ಟನ್ನು ಸಾಮಾನ್ಯವಾಗಿ 35 ಡಿಗ್ರಿ ಗಾಳಿಯದು. ಹಳೆಯ ಮಷಿನ್ನಿನ ಕಾಯಿಲ್ ಮುಂದೆ ಥರ್ಮಾಮೀಟರ್ ತೂಗುಹಾಕಿ ನೋಡಿದೆ. ಊರಿನಲ್ಲಿ 41, ಅಲ್ಲಿ 47! ಅದನ್ನು ಕಾಂಪೌಂಡ್ ಗೋಡೆಗೆ ಒತ್ತಿ, ತಗಡಿನ ಕೆಳಗೆ ನಿಲ್ಲಿಸಿದ್ದರು. ಫ್ಯಾನು ಮೇಲಕ್ಕೆ ಎಸೆದ ಬಿಸಿ ಗಾಳಿ ತಗಡಿಗೆ ಬಡಿದು ವಾಪಸ್ ಕಾಯಿಲಿಗೇ ಬರುತ್ತಿತ್ತು. ತಾನು ಬಿಟ್ಟ ಉಸಿರನ್ನೇ ತಾನು ಎಳೆದುಕೊಳ್ಳುತ್ತಿತ್ತು ಪಾಪ. "ಈ ಝಳಕ್ಕ ಮನಶಾನ ನಿಲ್ಲಂಗಿಲ್ಲ, ಇದೇನ್ ನಿಂತೀತ್ರಿ" ಅಂತ ಫಿಟ್ಟರ್ ಹೇಳುತ್ತಲೇ ಇದ್ದ. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಹೊಸದಕ್ಕೆ ಆರ್ಡರ್ ಕೊಡುವಾಗ ಟನ್ ಅಂತ ಕೇಳಲೇ ಇಲ್ಲ. ಕಾಯಿಲಿಗೆ ಬರುವ ಗಾಳಿ 45 ಡಿಗ್ರಿ, ಹೊರಡುವ ನೀರು 14 ಡಿಗ್ರಿ, ಆಗ ಎಷ್ಟು ಟನ್ ಕೊಡುತ್ತದೆ, ಎಷ್ಟು ಕಿಲೋವ್ಯಾಟ್ ತಿನ್ನುತ್ತದೆ, ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ ಅಂದೆ. ಒಬ್ಬರು ಬರೆಯಲು ಒಪ್ಪಲಿಲ್ಲ. ಇನ್ನೊಬ್ಬರು 15 ಟನ್ನಿನ ಮಾಡೆಲ್ಲಿಗೆ 12.2 ಅಂತ ಬರೆದುಕೊಟ್ಟರು. ನನಗೆ ಬೇಕಿದ್ದದ್ದು ಒಂಬತ್ತೂವರೆ, ಮುಂದೆ ಲೈನು ಬೆಳೆದರೆ ಅಂತ ಐದನೇ ಒಂದು ಪಾಲು ಸೇರಿಸಿ ಹನ್ನೊಂದೂವರೆ. ವ್ಯಾಪಾರ ಕುದುರಿತು.

ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರ್ ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದರಲ್ಲಿ ಸ್ಕ್ರೂ, ಸ್ಕ್ರೋಲ್ ಅಂತ ಬಗೆಗಳಿವೆ. ಸ್ಕ್ರೂ ಚೆನ್ನಾಗಿದೆ, ಆದರೆ ಅದು ಐವತ್ತು ನೂರು ಟನ್ನಿನವರ ಮಾತು. ಈ ಅಳತೆಗೆ ಸ್ಕ್ರೋಲ್ ಸಾಕು. ಒಂದು ದೊಡ್ಡದರ ಬದಲು ಎರಡು ಸಣ್ಣವು, ಎರಡಕ್ಕೂ ಬೇರೆ ಬೇರೆ ಗ್ಯಾಸ್ ಸರ್ಕ್ಯೂಟ್ ಇರಲಿ ಅಂತ ಮಾತ್ರ ಹಟ ಹಿಡಿದೆ. ಒಂದು ಕೆಟ್ಟರೆ ಅರ್ಧ ಸ್ಪೀಡಿನಲ್ಲಾದರೂ ಲೈನು ಓಡುತ್ತದೆ. ಮಷಿನ್ನಿನೊಳಗೆ ತಿರುಗಿ ತಂಪು ಮಾಡುವ ಗ್ಯಾಸಿನಲ್ಲಿ ಹಳೆಯ ಆರ್-22 ಬೇಡ ಅಂದೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ಅದು ಹೆಚ್ಚೂಕಡಿಮೆ ನಿಲ್ಲಬೇಕು. ಆರ್-410ಎ ಮತ್ತು ಆರ್-407ಸಿ ಎರಡೂ ಇದ್ದವು. 410ಎ ಪ್ರೆಶರ್ ಬಹಳ ಜಾಸ್ತಿ, ನಮ್ಮಂಥ ಬಿಸಿಲಿಗೆ ಅದರ ದಮ್ಮು ಬೇಗ ಕಟ್ಟುತ್ತದೆ ಅನ್ನಿಸಿ 407ಸಿ ಆರಿಸಿದೆ. ಅದಕ್ಕೂ ಒಂದು ಕೊಂಕಿದೆ. ಅದು ಮೂರು ಗ್ಯಾಸುಗಳ ಮಿಶ್ರಣ, ಲೀಕ್ ಆಗುವಾಗ ಮೂರೂ ಸಮನಾಗಿ ಹೋಗುವುದಿಲ್ಲ. ಮೇಲಿಂದ ಸ್ವಲ್ಪ ತುಂಬಿ ಸುಮ್ನೆ ಬಿಡುವ ಹಾಗಿಲ್ಲ, ಪೂರ್ತಿ ತೆಗೆದು ಹೊಸದು ಹಾಕಬೇಕು.

ಇವಾಪೊರೇಟರ್, ಅಂದರೆ ಗ್ಯಾಸು ನೀರಿನ ಶಾಖ ಹೀರುವ ಭಾಗ, ಅದರ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ಎಲ್ಲರೂ ಪ್ಲೇಟ್ ಎಕ್ಸ್‌ಚೇಂಜರ್ ಕೊಡಲು ಬಂದರು. ಅಂಗೈ ಅಗಲದ ಪೆಟ್ಟಿಗೆಯಲ್ಲಿ ಹತ್ತು ಟನ್ ಹಿಡಿಸುತ್ತದೆ, ಅಗ್ಗವೂ ಹೌದು. ಆದರೆ ನಮ್ಮ ಪೈಪ್ ಟ್ಯಾಂಕು ತೆರೆದದ್ದು. ಅದರಲ್ಲಿ ಧೂಳು, ಪಾಚಿ, ಪೈಪು ಕೊಯ್ದಾಗ ಬೀಳುವ ಪ್ಲಾಸ್ಟಿಕ್ ಎಳೆ, ಒಮ್ಮೊಮ್ಮೆ ಗುಟಕಾ ಚೀಟಿ ಕೂಡ. ಪ್ಲೇಟುಗಳ ನಡುವಿನ ಸಂದು ಎರಡು ಮೂರು ಮಿ.ಮೀ. ಅದು ಕಟ್ಟಿಕೊಂಡರೆ ನೀರು ನಿಂತು ಹೆಪ್ಪುಗಟ್ಟಿ ಪ್ಲೇಟು ಬಿರಿಯುತ್ತದೆ, ಆಮೇಲೆ ನೀರು ಗ್ಯಾಸಿನೊಳಗೆ ಹೋಗಿ ಕಂಪ್ರೆಸರೂ ಹಾಳು. ನಾನು ತಗೊಂಡದ್ದು ಟ್ಯಾಂಕಿನೊಳಗೇ ಮುಳುಗಿರುವ ತಾಮ್ರದ ಕಾಯಿಲ್. ಜಾಗ ಜಾಸ್ತಿ ಬೇಕು, ಹಳೇ ಕಾಲದ್ದು ಅನ್ನುತ್ತಾರೆ. ಆದರೆ ಮುಚ್ಚಳ ತೆಗೆದು ಬ್ರಷ್ ಹಾಕಿ ತಿಕ್ಕಬಹುದು. ಟ್ಯಾಂಕೂ ದೊಡ್ಡದಿರುವುದರಿಂದ ಕಂಪ್ರೆಸರ್ ಮಿನಿಟಿಗೊಮ್ಮೆ ಬಂದ್ ಚಾಲೂ ಆಗುವುದಿಲ್ಲ.

ಮಷಿನ್ನನ್ನು ಶೆಡ್ಡಿನ ಉತ್ತರಕ್ಕೆ, ಬಯಲಿನಲ್ಲಿ, ಗೋಡೆಯಿಂದ ಆರಡಿ ದೂರ ಕಟ್ಟೆ ಕಟ್ಟಿಸಿ ಇಟ್ಟೆವು. ತಲೆಯ ಮೇಲೆ ಏನೂ ಇಲ್ಲ. ಕಾಯಿಲಿನ ಮುಂದೆ ಒಂದೂವರೆ ಅಡಿ ಬಿಟ್ಟು ಕೂಲರಿಗೆ ಹಾಕುವಂಥ ಜೇನುಗೂಡಿನ ಪ್ಯಾಡುಗಳ ಚೌಕಟ್ಟು ನಿಲ್ಲಿಸಿದೆ. ಮಾರ್ಚ್‌ನಿಂದ ಮೇ ತನಕ, ಹನ್ನೆರಡರಿಂದ ಐದರವರೆಗೆ ಮಾತ್ರ ಅದರ ಮೇಲೆ ನೀರು ಇಳಿಯುತ್ತದೆ. ಕಾಯಿಲಿಗೆ ಒಂದು ಹನಿಯೂ ಬೀಳುವುದಿಲ್ಲ, ತಣ್ಣನೆಯ ಗಾಳಿ ಮಾತ್ರ ಹೋಗುತ್ತದೆ. ಆ ನೀರು ಬೋರಿನದಲ್ಲ, ಪತ್ರಾಸಿನ ಮೇಲೆ ಬಿದ್ದ ಮಳೆಯದು. ನಮ್ಮ ಕಡೆ ವರ್ಷದ ಮಳೆ 550ರಿಂದ 600 ಮಿ.ಮೀ. ಅಷ್ಟೇ, ಆದರೂ ಶೆಡ್ಡು ದೊಡ್ಡದಿರುವುದರಿಂದ 50,000 ಲೀಟರಿನ ನೆಲದ ಟ್ಯಾಂಕು ತುಂಬಿ ಹರಿಯುತ್ತದೆ. ಪ್ಯಾಡು ಕುಡಿಯುವುದು ದಿನಕ್ಕೆ ನಾಲ್ಕೈದು ನೂರು ಲೀಟರ್. ಮೂರು ತಿಂಗಳಿಗೆ ಟ್ಯಾಂಕು ಸರಿಹೋಗುತ್ತದೆ.

ಮೊದಲ ಬೇಸಿಗೆಯಲ್ಲಿ ಪ್ಯಾಡಿನ ಹೊರಗೆ 42, ಒಳಗೆ 33. ಟ್ರಿಪ್ ಒಂದೂ ಇಲ್ಲ. ಲೈನು ಮೂರು ಗಂಟೆಗೂ 120 ಕೆಜಿಯಲ್ಲೇ ಓಡಿತು. ರಾಶಿಯ ಕಾಲದಲ್ಲಿ ಜೋಳದ ಹೊಟ್ಟು ಹಾರಿ ಬಂದು ಪ್ಯಾಡಿಗೆ ಅಂಟುತ್ತದೆ, ವಾರಕ್ಕೊಮ್ಮೆ ಬಡಿದು ತೊಳೆಯಬೇಕು.

ನಾನು ಯೋಚಿಸದೇ ಬಿಟ್ಟದ್ದು ಮಳೆಗಾಲ. ಜುಲೈನಲ್ಲಿ ಗಾಳಿಯ ಪಸೆ ಏರಿತು. 14 ಡಿಗ್ರಿ ನೀರು ಹರಿಯುವ ಇಂಜೆಕ್ಷನ್ ಅಚ್ಚು ಬೆವರತೊಡಗಿತು. ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಹಾಗೆ ಅಚ್ಚಿನ ತುಂಬ ಹನಿ, ಕಪ್ಲರಿನ ಮೈಮೇಲೆ ನೀರಿನ ಕಲೆ. ಆಪರೇಟರ್ ಪ್ರತಿ ಶಾಟಿಗೂ ಬಟ್ಟೆಯಿಂದ ಒರೆಸುತ್ತಾ ಕೂತಿದ್ದ. ಪೈಪಿಗೆ 14 ಬೇಕು, ಅಚ್ಚಿಗೆ ಮಳೆಗಾಲದಲ್ಲಿ 22 ಸಾಕು. ಈಗ ಅಚ್ಚಿನ ಲೈನಿಗೆ ಒಂದು ಮಿಕ್ಸಿಂಗ್ ವಾಲ್ವ್ ಹಾಕಿ, ಬಿಸಿಯಾಗಿ ವಾಪಸ್ ಬರುವ ನೀರನ್ನೇ ಸ್ವಲ್ಪ ಕೂಡಿಸಿ ಕೊಡುತ್ತಿದ್ದೇವೆ. ವಾಲ್ವನ್ನು ಕೈಯಿಂದಲೇ ತಿರುಗಿಸಬೇಕು. ಮೋಡ ನೋಡಿ ತಿರುಗಿಸುವ ಕೆಲಸ ಫಿಟ್ಟರಿನದು.